ಮನೆಯಲ್ಲೇ ಪ್ಯಾರಿಸ್ ಒಲಿಂಪಿಕ್ಸ್: ಒಂದು ಆ್ಯಪ್‌ನ ವಿಮರ್ಶೆ

2024ರ ಪ್ಯಾರಿಸ್ ಒಲಿಂಪಿಕ್ಸನ್ನು ನಾನು ಮನೆಯಲ್ಲಿಯೇ, ಸ್ಟ್ರೀಮಿಂಗ್ ಆ್ಯಪ್ ಮೂಲಕ ನೋಡಿದೆ. ಚಾನೆಲ್‌ನವರು ತೋರಿಸಿದ್ದನ್ನೇ ನೋಡುತ್ತ ಕೂರದೆ ನಮಗೆ ಬೇಕಾದ ಕ್ರೀಡೆಯನ್ನು ಆರಿಸಿಕೊಳ್ಳುವ ಅವಕಾಶವೇ ಅದರ ದೊಡ್ಡ ಗುಣ. ಬೆಂಗಳೂರಿನ ಹದಿನಾಲ್ಕು ವರ್ಷದ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್ ಈಜಿನ ತನ್ನ ಹೀಟ್‌ನಲ್ಲಿ (ಮೊದಲ ಸುತ್ತಿನ ಗುಂಪಿನಲ್ಲಿ) ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದ್ದನ್ನು, ಆಕೆ ಸೆಮಿಫೈನಲ್ ತಲುಪದಿದ್ದರೂ, ಪೂರ್ತಿಯಾಗಿ ನೋಡಲು ಸಾಧ್ಯವಾದದ್ದು ಇದರಿಂದಲೇ. ಅಂಥ ಈಜನ್ನು ಸುದ್ದಿಯ ಒಂದು ಸಾಲಿನಲ್ಲಿ ಓದಿ ಬಿಡುವುದು ನನಗೆ ಸಾಲದು.

ಚಿತ್ರವೂ ಸ್ಪಷ್ಟವಾಗಿತ್ತು. ಆಗಸ್ಟ್ 8ರ ನಡುರಾತ್ರಿಯ ಜಾವೆಲಿನ್ ಫೈನಲ್‌ನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ 92.97 ಮೀಟರ್ ಎಸೆದ ಎರಡನೇ ಸುತ್ತಿನಲ್ಲಿಯೇ ನೀರಜ್ ಚೋಪ್ರಾ 89.45 ಮೀಟರ್ ಎಸೆದರು. ಅವರ ಉಳಿದ ಐದೂ ಎಸೆತಗಳು ಫೌಲ್ ಆದದ್ದು ನೋವು ತಂದಿತು.

ಆದರೆ ಆ್ಯಪ್‌ನ ಪ್ರಸಾರ ಟಿವಿಗಿಂತ ಹಿಂದಿರುತ್ತದೆ. ಅದೇ ದಿನ ಸಂಜೆ ಹಾಕಿ ಕಂಚಿನ ಪಂದ್ಯದ ಕೊನೆಯ ನಿಮಿಷದಲ್ಲಿ ಸ್ಪೇನ್‌ಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ, ಭಾರತದ ಗೋಲ್‌ಕೀಪರ್ ಶ್ರೀಜೇಶ್ ಅದನ್ನು ತಡೆದ ಸಂಭ್ರಮ ಪಕ್ಕದ ಮನೆಯಿಂದ ಮೊದಲೇ ಕೇಳಿಸಿಬಿಟ್ಟಿತು. ಪದಕದ ಪಂದ್ಯಗಳನ್ನು ಡಿಟಿಎಚ್‌ನಲ್ಲಿ ನೋಡುವುದೇ ಮೇಲು. ಉಳಿದೆಲ್ಲಕ್ಕೂ ಆ್ಯಪನ್ನು ಧೈರ್ಯವಾಗಿ ಬಳಸಬಹುದು.