ಅಮ್ಮ ಇರುವ ಆರೈಕೆ ಕೇಂದ್ರ: ವರ್ಷಗಟ್ಟಲೆ ನೋಡಿದ ಮೇಲೆ ನನ್ನ ಅಭಿಪ್ರಾಯ

ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮ ಹಾಸಿಗೆ ಹಿಡಿದರು. ಮರೆವಿನ ಕಾಯಿಲೆಯೂ ಇದೆ. ಅವರನ್ನು ಹಿರಿಯರ ಆರೈಕೆ ಕೇಂದ್ರಕ್ಕೆ ಸೇರಿಸಿ ವರ್ಷಗಳೇ ಆದವು. ಇಲ್ಲಿ ಹಗಲಿನ ಆರೈಕೆ ತುಂಬಾ ಚೆನ್ನಾಗಿದೆ, ರಾತ್ರಿಯದು ಸಾಲದು. ಐದಕ್ಕೆ ಮೂರೂವರೆ ಅಂಕ.

ಹೋದಾಗಲೆಲ್ಲ ನಾನು ಮೊದಲು ನೋಡುವುದು ಅಮ್ಮನ ಚರ್ಮವನ್ನು. ತಾವಾಗಿ ಹೊರಳಲಾಗದವರ ಮೈಭಾರ ಒಂದೇ ಕಡೆ ಬಿದ್ದರೆ ಅಲ್ಲಿ ರಕ್ತ ಹರಿಯುವುದು ಕಡಿಮೆಯಾಗಿ ಹಾಸಿಗೆ ಹುಣ್ಣು ಏಳುತ್ತದೆ. ಬೆನ್ನಿನ ತುದಿ, ಸೊಂಟದ ಪಕ್ಕ, ಹಿಮ್ಮಡಿ, ಇವು ಮುಖ್ಯ ಜಾಗಗಳು. ಕೆಂಪಾದ ಕಡೆ ಬೆರಳಿನಿಂದ ಒತ್ತಿ ಬಿಡಿ. ಒತ್ತಿದಾಗಲೂ ಬಣ್ಣ ಬಿಳಚದೆ ಹಾಗೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋಯುತ್ತದಾ ಅಂತ ನೋಡಬೇಕು.

ಅಮ್ಮನನ್ನು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಚಾರ್ಟಿನಲ್ಲಿ ಸಹಿ ಹಾಕಬೇಕು ಅಂತ ಇದೆ. ಒಂದು ಸಲ ರಾತ್ರಿ ಹತ್ತಕ್ಕೇ ಬೆಳಗಿನ ಆರರವರೆಗಿನ ಎಲ್ಲ ಸಹಿಯೂ ಬಿದ್ದಿತ್ತು! ಅದೇ ವಾರ ಹಿಮ್ಮಡಿ ಕೆಂಪಾಗಿತ್ತು. ಮೇಲ್ವಿಚಾರಕಿಗೆ ಚಾರ್ಟಿನ ಫೋಟೋ ತೋರಿಸಿದೆ. ಅವರು ವಾದ ಮಾಡಲಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿಸಿದರು, ರಾತ್ರಿ ತಾವೇ ಬಂದು ನೋಡತೊಡಗಿದರು. ಕೆಂಪು ಇಳಿಯಿತು. ಆದರೂ ರಾತ್ರಿ ಪಾಳಿಯಲ್ಲಿ ಜನ ಕಡಿಮೆ. ಬೆಲ್ ಒತ್ತಿದರೆ ಹಗಲು ತಕ್ಷಣ ಬರುತ್ತಾರೆ, ರಾತ್ರಿ ಕಾಯಬೇಕು. ಶೌಚಕ್ಕೆ ಅವಸರವಾದವರಿಗೆ ಆ ಕಾಯುವಿಕೆ ಎಂಥ ಹಿಂಸೆ ಅಲ್ವಾ?

ಊಟ ಮಾಡಿಸುವುದರಲ್ಲಿ ಇವರಿಗೆ ಪೂರ್ತಿ ಅಂಕ. ಅಮ್ಮನಿಗೆ ನುಂಗುವುದು ಕಷ್ಟ. ಬೆನ್ನು ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದ್ದನ್ನು ನೋಡಿಯೇ ಮುಂದಿನ ತುತ್ತು ಕೊಡುತ್ತಾರೆ. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸುವುದಿಲ್ಲ. ಬಾಯಿ, ಹಲ್ಲು ದಿನಾ ಶುಚಿ ಮಾಡುತ್ತಾರೆ. ಆಹಾರವೋ ಬಾಯಿಯ ಕೊಳೆಯೋ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು, ಹಾಗಾಗಿ ಇದು ಸಣ್ಣ ಕೆಲಸವಲ್ಲ. ತೂಕದ ದಾಖಲೆಯನ್ನೂ ಕೇಳಿ ನೋಡಿ. ತಿಂಗಳಲ್ಲಿ ಶೇಕಡಾ 5ರಷ್ಟು, ಅಥವಾ ಆರು ತಿಂಗಳಲ್ಲಿ ಶೇಕಡಾ 10ರಷ್ಟು ಇಳಿದಿದ್ದರೆ ಕಾರಣ ಹುಡುಕಲೇಬೇಕು.

ನನಗೆ ತುಂಬಾ ಸಿಟ್ಟು ಬಂದದ್ದು ಔಷಧಿಯ ವಿಷಯದಲ್ಲಿ. ಕೆಲ ದಿನ ಅಮ್ಮ ಹಗಲೆಲ್ಲ ತೂಕಡಿಸುತ್ತಿದ್ದರು. ಔಷಧಿ ಪಟ್ಟಿ ತರಿಸಿದರೆ ಹೊಸ ಮಾತ್ರೆಯೊಂದು ಸೇರಿತ್ತು. ರಾತ್ರಿ ಕೂಗುತ್ತಾರೆ ಅಂತ ಭ್ರಮೆಯಂಥ ತೀವ್ರ ಮಾನಸಿಕ ಕಾಯಿಲೆಗೆ ಕೊಡುವ ಮಾತ್ರೆ (ಆಂಟಿಸೈಕೋಟಿಕ್) ಶುರು ಮಾಡಿದ್ದರು, ನಮಗೆ ಒಂದು ಮಾತೂ ಹೇಳಿರಲಿಲ್ಲ. ಮರೆವಿನ ಕಾಯಿಲೆ ಇರುವ ಹಿರಿಯರಲ್ಲಿ ಇಂಥ ಮಾತ್ರೆಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ನಾವು ಒತ್ತಾಯಿಸಿದ ಮೇಲೆ ವೈದ್ಯರು ಪರೀಕ್ಷೆ ಮಾಡಿಸಿದರು. ಮೂತ್ರದ ಸೋಂಕು ಸಿಕ್ಕಿತು. ಅದಕ್ಕೆ ಔಷಧಿ ಕೊಟ್ಟ ಮೇಲೆ ಕೂಗಾಟ ನಿಂತಿತು, ಆ ಮಾತ್ರೆಯನ್ನೂ ನಿಧಾನವಾಗಿ ನಿಲ್ಲಿಸಿದರು. ವಯಸ್ಸಾದವರ ನಡವಳಿಕೆ ದಿಢೀರನೆ ಬದಲಾದರೆ ಸೋಂಕು, ನೋವು, ಮಲಬದ್ಧತೆ, ನೀರು ಸಾಲದಿರುವುದು, ಇವನ್ನೆಲ್ಲ ಮೊದಲು ನೋಡಬೇಕು. ಈಗ ಔಷಧಿ ಬದಲಿಸುವ ಮುಂಚೆ ಫೋನ್ ಮಾಡುತ್ತಾರೆ.

ಕಟ್ಟಡ, ತೋಟ, ಟಿವಿ ಎಲ್ಲ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಬೆಲೆ ನಾನು ಕೊಡುವುದು ಹಗಲು ಪಾಳಿಯ ಸಹಾಯಕಿಗೆ. ಮೊದಲಿನಿಂದಲೂ ಅವರೇ ಇದ್ದಾರೆ. ಅಮ್ಮನಿಗೆ ಮಾತು ಸರಿಯಾಗಿ ಹೊರಡುವುದಿಲ್ಲ, ಆದರೂ ಹುಬ್ಬು ಗಂಟಿಕ್ಕಿದರೆ ಎಲ್ಲಿ ನೋವು ಅಂತ ಅವರಿಗೆ ಗೊತ್ತಾಗುತ್ತದೆ. ನೀವು ಎಲ್ಲಿಗೇ ಸೇರಿಸಿದರೂ ಸಿಬ್ಬಂದಿ ಎಷ್ಟು ಕಾಲದಿಂದ ಇದ್ದಾರೆ ಅಂತ ಕೇಳಿ. ಭಾನುವಾರ ಸಂಜೆ, ಹೇಳದೆ ಹೋಗಿ ನೋಡಿ.

ರಾತ್ರಿ ಪಾಳಿಗೆ ಇನ್ನೊಬ್ಬರನ್ನು ಹಾಕುತ್ತೇವೆ ಅಂದಿದ್ದಾರೆ. ಹಾಕಿದ ಮೇಲೆ ಈ ಅಂಕ ತಿದ್ದುತ್ತೇನೆ.