ಹನ್ನೆರಡು ಸ್ಥಾನಗಳ ಚರಿತ್ರೆ: ರಾಜ್ಯಸಭೆಯಲ್ಲಿ ಕರ್ನಾಟಕದ ಕುರಿತ ಈ ಕೈಪಿಡಿಯನ್ನು ಏಕೆ ಕೊಳ್ಳಬೇಕು, ಎಲ್ಲಿ ಎಚ್ಚರವಿರಬೇಕು

ಪದವಿಪೂರ್ವ ತರಗತಿಗಳಿಗೆ ರಾಜ್ಯಶಾಸ್ತ್ರ ಬೋಧಿಸುವ ನನಗೆ ಪ್ರತಿ ವರ್ಷವೂ ಒಂದೇ ಪ್ರಶ್ನೆ ಎದುರಾಗುತ್ತದೆ. ಲೋಕಸಭೆಗೆ ಕರ್ನಾಟಕದಿಂದ 28 ಮಂದಿ ಹೋಗುತ್ತಾರೆ, ಅದು ಕ್ಷೇತ್ರಗಳ ಲೆಕ್ಕ. ರಾಜ್ಯಸಭೆಗೆ 12 ಮಂದಿ ಹೋಗುತ್ತಾರಲ್ಲ, ಆ 12 ಎಲ್ಲಿಂದ ಬಂತು ಎಂದು ಹಿಂದಿನ ಬೆಂಚಿನ ಯಾರಾದರೊಬ್ಬರು ಕೇಳದೆ ಇರುವುದಿಲ್ಲ. ಪಠ್ಯಪುಸ್ತಕದಲ್ಲಿ ಸಂಖ್ಯೆಯಿದೆ, ಅದರ ಕಾರಣವಿಲ್ಲ. ಹೀಗಾಗಿ 1952ರಿಂದ ಈಚೆಗೆ ಮೈಸೂರು ಮತ್ತು ಕರ್ನಾಟಕದಿಂದ ರಾಜ್ಯಸಭೆಗೆ ಹೋದವರ ವಿವರಗಳಿರುವ ಈ ಕೈಪಿಡಿಯನ್ನು ಕಂಡ ಕೂಡಲೇ ತರಿಸಿಕೊಂಡೆ. ಎರಡು ತಿಂಗಳು ತರಗತಿಯಲ್ಲೂ ಮನೆಯಲ್ಲೂ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಪುಸ್ತಕದ ಅತ್ಯುತ್ತಮ ಭಾಗ ಮೊದಲ ಅಧ್ಯಾಯ. ರಾಜ್ಯಸಭೆ 1952ರ ಏಪ್ರಿಲ್ 3ರಂದು ರಚನೆಯಾಗಿ ಮೇ 13ರಂದು ಮೊದಲ ಬಾರಿಗೆ ಸೇರಿದಾಗ ಮೈಸೂರು ರಾಜ್ಯಕ್ಕೆ ಇದ್ದದ್ದು ಕೇವಲ 6 ಸ್ಥಾನ. ಆದರೆ ಆಗ ಕನ್ನಡಿಗರೆಲ್ಲರೂ ಮೈಸೂರಿನಲ್ಲಿ ಇರಲಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳ ಶಾಸಕರು ಮುಂಬೈ ವಿಧಾನಸಭೆಯಲ್ಲಿ ಮತ ಹಾಕಿದರು, ಮಂಗಳೂರಿನವರು ಮದ್ರಾಸಿನಲ್ಲಿ, ಕಲಬುರಗಿ, ಬೀದರ್, ರಾಯಚೂರಿನವರು ಹೈದರಾಬಾದಿನಲ್ಲಿ. ಕೊಡಗಿನ ಸ್ಥಿತಿ ಇನ್ನೂ ವಿಚಿತ್ರ: ಅದಕ್ಕೂ ಸುಮಾರು ಸಾವಿರ ಮೈಲಿ ದೂರದಲ್ಲಿದ್ದ ಅಜ್ಮೀರಿಗೂ ಸೇರಿಸಿ ಒಂದೇ ಒಂದು ಸ್ಥಾನವನ್ನು ಕೊಡಲಾಗಿತ್ತು. ಮಡಿಕೇರಿಗೂ ಅಜ್ಮೀರಿಗೂ ಭಾಷೆಯಲ್ಲಾಗಲಿ ಬೆಳೆಯಲ್ಲಾಗಲಿ ಯಾವ ನಂಟೂ ಇಲ್ಲ. ಎರಡೂ ಚಿಕ್ಕ ರಾಜ್ಯಗಳು ಎಂಬುದೊಂದೇ ಅವುಗಳನ್ನು ಜೋಡಿಸಿದ್ದ ಕಾರಣ. ಈ ಭಾಗವನ್ನು ಓದಿ ಹೇಳಿದ ದಿನ ನನ್ನ ತರಗತಿಯಲ್ಲಿದ್ದ ಕೊಡಗಿನ ವಿದ್ಯಾರ್ಥಿನಿಯೊಬ್ಬಳು ಆ ಪುಟದ ಪ್ರತಿ ಮಾಡಿಸಿಕೊಂಡು ಊರಿಗೆ ಒಯ್ದಳು. ಏಕೀಕರಣ ಎಂದರೆ ಭೂಪಟದ ಮೇಲೆ ಎಳೆದ ಗೆರೆ ಎಂದಷ್ಟೇ ತಿಳಿದಿದ್ದ ಮಕ್ಕಳಿಗೆ, ದೆಹಲಿಯಲ್ಲಿ ತಮ್ಮ ಪರವಾಗಿ ಮಾತನಾಡುವವರನ್ನು ಯಾರು ಆರಿಸುತ್ತಾರೆ ಎಂಬುದೂ ಅದರಿಂದ ಬದಲಾಯಿತು ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾದಾಗ ಸ್ಥಾನಗಳು 6ರಿಂದ 12ಕ್ಕೆ ಏರಿದವು. ಇಲ್ಲಿಯೇ ಪುಸ್ತಕ ನನ್ನನ್ನು ಮೊದಲ ಬಾರಿಗೆ ನಿರಾಶೆಗೊಳಿಸಿತು. ಏರಿದವು ಎಂದು ಹೇಳಿ ಮುಂದೆ ಹೋಗುತ್ತದೆಯೇ ಹೊರತು ಏಕೆ 12 ಎಂದು ವಿವರಿಸುವುದಿಲ್ಲ. ವಿವರಣೆ ಕಷ್ಟದ್ದೇನೂ ಅಲ್ಲ. ಮೊದಲ 50 ಲಕ್ಷ ಜನಸಂಖ್ಯೆಗೆ ಪ್ರತಿ 10 ಲಕ್ಷಕ್ಕೆ ಒಂದು ಸ್ಥಾನ, ಅದರ ಮೇಲಿನ ಜನಸಂಖ್ಯೆಗೆ ಪ್ರತಿ 20 ಲಕ್ಷಕ್ಕೆ ಒಂದು ಸ್ಥಾನ ಎಂಬುದು ಆಗ ಅನುಸರಿಸಿದ ಸೂತ್ರ. ಹೊಸ ರಾಜ್ಯದ ಜನಸಂಖ್ಯೆ 1951ರ ಗಣತಿಯ ಪ್ರಕಾರ ಸುಮಾರು 1 ಕೋಟಿ 94 ಲಕ್ಷ. ಮೊದಲ 50 ಲಕ್ಷಕ್ಕೆ 5, ಉಳಿದ 1 ಕೋಟಿ 44 ಲಕ್ಷಕ್ಕೆ 7, ಒಟ್ಟು 12. ಕಪ್ಪುಹಲಗೆಯ ಮೇಲೆ ಎರಡು ನಿಮಿಷದ ಕೆಲಸವಿದು. ಸಂವಿಧಾನದ ನಾಲ್ಕನೆಯ ಅನುಸೂಚಿಯಲ್ಲಿ ಅಂದು ಬರೆದ ಆ ಸಂಖ್ಯೆ, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದಾಗಲೂ, 2011ರ ಗಣತಿಯಲ್ಲಿ ಜನಸಂಖ್ಯೆ 6 ಕೋಟಿ 11 ಲಕ್ಷಕ್ಕೆ ಮುಟ್ಟಿದಾಗಲೂ ಹಾಗೆಯೇ ಉಳಿದುಕೊಂಡಿದೆ. ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರ ಇದೇ ಆಗಿರುವಾಗ, ಇಂತಹ ಪುಸ್ತಕವೊಂದು ಅದನ್ನು ಬಿಟ್ಟಿರುವುದು ಸಣ್ಣ ಲೋಪವಲ್ಲ.

ಹಾಗಿದ್ದೂ ಈ ಪುಸ್ತಕವನ್ನು ನಾನು ಕೈಬಿಡದಿರಲು ಕಾರಣ ಅದರ ಕೊನೆಯಲ್ಲಿರುವ ಸ್ಥಾನವಾರು ಪಟ್ಟಿ. ಸಾಮಾನ್ಯವಾಗಿ ಇಂತಹ ಪುಸ್ತಕಗಳು ಸದಸ್ಯರನ್ನು ಅಕಾರಾದಿಯಾಗಿಯೋ ಚುನಾವಣೆಯ ವರ್ಷದ ಪ್ರಕಾರವೋ ಜೋಡಿಸುತ್ತವೆ. ಇಲ್ಲಿ 12 ಸ್ಥಾನಗಳಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ಕೊಟ್ಟು, ಆ ಸ್ಥಾನದಲ್ಲಿ ಯಾರ ನಂತರ ಯಾರು ಬಂದರು, ಅವಧಿ ಮುಗಿದು ಬಂದರೋ, ರಾಜೀನಾಮೆಯಿಂದಲೋ ಮರಣದಿಂದಲೋ ತೆರವಾದ ಜಾಗಕ್ಕೆ ಬಂದರೋ ಎಂದು ಗುರುತಿಸಿದ್ದಾರೆ. ರಾಜ್ಯಸಭೆ ಎಂದೂ ವಿಸರ್ಜನೆಯಾಗದ ಸದನ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತವಾಗುವುದರಿಂದ ಕರ್ನಾಟಕದ 12 ಸ್ಥಾನಗಳು ನಾಲ್ಕು ನಾಲ್ಕರ ಮೂರು ಗುಂಪುಗಳಾಗಿ ತೆರವಾಗುತ್ತವೆ. ಅದರ ಚರಿತ್ರೆಯನ್ನು ಬರೆಯಬೇಕಾದ ಕ್ರಮವೇ ಇದು ಎಂದು ನನಗೆ ಅನ್ನಿಸುತ್ತದೆ.

ಈ ಪಟ್ಟಿಯ ಮೇಲೆ ಬೆರಳಿಟ್ಟು ಓದುತ್ತ ಹೋದಾಗ, ಪುಸ್ತಕ ಎಲ್ಲಿಯೂ ಬಾಯಿಬಿಟ್ಟು ಹೇಳದ ಸಂಗತಿಯೊಂದು ನನಗೆ ಹೊಳೆಯಿತು. ನಾಲ್ಕು ಸ್ಥಾನಗಳಿಗೆ ಒಟ್ಟಿಗೆ ಚುನಾವಣೆ ನಡೆದಾಗ 224 ಶಾಸಕರ ವಿಧಾನಸಭೆಯಲ್ಲಿ ಒಬ್ಬ ಅಭ್ಯರ್ಥಿಗೆ 45 ಮೊದಲ ಪ್ರಾಶಸ್ತ್ಯದ ಮತಗಳಿದ್ದರೆ ಗೆಲುವು ಖಚಿತ. ಆದ್ದರಿಂದ ವಿರೋಧ ಪಕ್ಷಕ್ಕೂ ಪಾಲು ಸಿಗುತ್ತದೆ. ಅದೇ ಸ್ಥಾನ ಅವಧಿಯ ನಡುವೆ ತೆರವಾಗಿ ಒಂದಕ್ಕೇ ಉಪಚುನಾವಣೆ ನಡೆದರೆ ಬೇಕಾಗುವುದು ಅರ್ಧಕ್ಕಿಂತ ಹೆಚ್ಚು ಮತ, ಅಂದರೆ ಸ್ಥಾನ ಆಡಳಿತ ಪಕ್ಷದ ಕೈಗೆ ಹೋಗುವುದು ಬಹುಮಟ್ಟಿಗೆ ನಿಶ್ಚಿತ. 2010ರ ಡಿಸೆಂಬರಿನಲ್ಲಿ ಎಂ. ರಾಜಶೇಖರಮೂರ್ತಿಯವರು ನಿಧನರಾದಾಗ ತೆರವಾದ ಸ್ಥಾನಕ್ಕೆ 2011ರಲ್ಲಿ ಆಡಳಿತಾರೂಢ ಬಿಜೆಪಿಯಿಂದ ಹೇಮಾಮಾಲಿನಿಯವರು ಆಯ್ಕೆಯಾದರು. ಅವರೆದುರು ಸೋತವರು ಕನ್ನಡದ ಹಿರಿಯ ವಿಮರ್ಶಕ ಕೆ. ಮರುಳಸಿದ್ದಪ್ಪನವರು. 2016ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದ ಕೆ.ಸಿ. ರಾಮಮೂರ್ತಿಯವರು 2019ರಲ್ಲಿ ರಾಜೀನಾಮೆ ಕೊಟ್ಟು, ಬಿಜೆಪಿ ಸೇರಿ, ತಾವೇ ತೆರವು ಮಾಡಿದ ಸ್ಥಾನಕ್ಕೆ ಅವಿರೋಧವಾಗಿ ಮರಳಿದರು. ಪಟ್ಟಿಯ ಸಾಲಿನಲ್ಲಿ ಹೆಸರು ಅದೇ, ಪಕ್ಷ ಮಾತ್ರ ಬೇರೆ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉಪಚುನಾವಣೆಯ ನಿಯಮ ರಾಜ್ಯದ ಪ್ರಾತಿನಿಧ್ಯವನ್ನು ಹೇಗೆ ತಿರುಗಿಸಬಲ್ಲದು ಎಂಬುದು ಯಾರಿಗೂ ಅರ್ಥವಾಗುತ್ತದೆ. ಇನ್ನೊಂದು ಸಾಲು ಓದುವಾಗ ಮನಸ್ಸು ಭಾರವಾಗುತ್ತದೆ: ರಾಯಚೂರಿನ ಅಶೋಕ ಗಸ್ತಿಯವರು 2020ರ ಜೂನ್‌ನಲ್ಲಿ ಆಯ್ಕೆಯಾಗಿ, ಜುಲೈಯಲ್ಲಿ ಪ್ರಮಾಣವಚನ ಸ್ವೀಕರಿಸಿ, ಸೆಪ್ಟೆಂಬರ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು, ಉಳಿದ ಅವಧಿಗೆ ಅದೇ ವರ್ಷ ಮಂಗಳೂರಿನ ಕೆ. ನಾರಾಯಣ ಅವರು ಬಂದರು.

ಚುನಾವಣಾ ಪದ್ಧತಿಯ ಅಧ್ಯಾಯವನ್ನು ಚೊಕ್ಕವಾಗಿ ಬರೆದಿದ್ದಾರೆ. ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸುವ ಏಕ ವರ್ಗಾವಣೀಯ ಮತ ಎಂಬ ಹೆಸರು ಕೇಳಿದರೇ ಹಿಂಜರಿಯುವ ವಿದ್ಯಾರ್ಥಿಗಳಿಗೆ, ಒಂದೊಂದು ಮತಕ್ಕೆ 100 ಮೌಲ್ಯ ಕೊಟ್ಟು, 22,400ನ್ನು 5ರಿಂದ (ನಾಲ್ಕು ಸ್ಥಾನಕ್ಕೆ ಒಂದು ಕೂಡಿಸಿ) ಭಾಗಿಸಿ, ಬಂದದ್ದಕ್ಕೆ 1 ಕೂಡಿಸಿ 4,481 ಎಂಬ ಕೋಟಾ ಬರುವ ಬಗೆಯನ್ನು ಹಂತಹಂತವಾಗಿ ತೋರಿಸಿದ್ದಾರೆ. ನಾನು ಇದಕ್ಕೆ 2023ರ ವಿಧಾನಸಭೆಯ ಫಲಿತಾಂಶವನ್ನು ಸೇರಿಸಿ ಪಾಠ ಮಾಡಿದೆ. ಕಾಂಗ್ರೆಸ್ ಗೆದ್ದದ್ದು 135, ಅಂದರೆ ಸರಿಯಾಗಿ ಮೂರು ನಲವತ್ತೈದು. ಬಿಜೆಪಿಯ 66 ಮತ್ತು ಜೆಡಿಎಸ್‌ನ 19 ಸೇರಿದರೆ 85, ಎರಡು ಸ್ಥಾನಗಳಿಗೆ ಬೇಕಾದ 90ಕ್ಕೆ ಐದು ಕಡಿಮೆ. 2024ರ ಫೆಬ್ರುವರಿಯಲ್ಲಿ ಐದನೆಯ ಅಭ್ಯರ್ಥಿ ಕಣಕ್ಕಿಳಿದಾಗ ಅಷ್ಟೊಂದು ಆತಂಕ, ಅಷ್ಟೊಂದು ಓಡಾಟ ಏಕೆ ನಡೆಯಿತು, ಕೊನೆಗೆ ಫಲಿತಾಂಶ 3–1 ಏಕೆ ಆಯಿತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ಹೇಳಿದರು.

ಇನ್ನು ಪುಸ್ತಕದ ದೊಡ್ಡ ಕೊರತೆಯ ಮಾತು. ರಾಜ್ಯಸಭೆಯ ಉಪಸಭಾಪತಿಯ ಪೀಠದ ಬಗ್ಗೆ ಇಡೀ ಪುಸ್ತಕದಲ್ಲಿ ಅರ್ಧ ಪುಟವೂ ಇಲ್ಲ. ಈ ಸದನದ ಮೊಟ್ಟಮೊದಲ ಉಪಸಭಾಪತಿ ಮೈಸೂರಿನಿಂದ ಹೋದ ಎಸ್.ವಿ. ಕೃಷ್ಣಮೂರ್ತಿ ರಾವ್. 1952ರಿಂದ 1962ರವರೆಗೆ ಅವರು ಆ ಪೀಠದಲ್ಲಿದ್ದರು. ಆಮೇಲೆ ಲೋಕಸಭೆಗೆ ಆಯ್ಕೆಯಾಗಿ ಅಲ್ಲಿ ಉಪಸಭಾಧ್ಯಕ್ಷರೂ ಆದರು. ಅವರ ನಂತರ 1962ರಲ್ಲಿ ಆ ಪೀಠವೇರಿದ ವಯಲೆಟ್ ಆಳ್ವ ಅವರೂ ಮೈಸೂರಿನ ಪ್ರತಿನಿಧಿಯೇ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. 1969ರವರೆಗೆ ಅವರು ಸದನವನ್ನು ನಡೆಸಿದರು. ಅಂದರೆ ಸದನದ ನಡಾವಳಿಗಳು ಇನ್ನೂ ರೂಪುಗೊಳ್ಳುತ್ತಿದ್ದ ಮೊದಲ ಹದಿನೇಳು ವರ್ಷಗಳುದ್ದಕ್ಕೂ ಉಪಸಭಾಪತಿಯ ಪೀಠದಲ್ಲಿದ್ದವರು ನಮ್ಮ ರಾಜ್ಯ ಕಳಿಸಿದವರು. 2004ರಿಂದ 2012ರ ನಡುವೆ ಕೆ. ರೆಹಮಾನ್ ಖಾನ್ ಅವರು ಆ ಪರಂಪರೆಯನ್ನು ಮುಂದುವರಿಸಿದರು. ವಿರೋಧ ಪಕ್ಷದ ನಾಯಕನ ಸ್ಥಾನದ್ದೂ ಇಂಥದೇ ಕಥೆ: 1971–72ರಲ್ಲಿ ಎಂ.ಎಸ್. ಗುರುಪಾದಸ್ವಾಮಿಯವರು ಕುಳಿತಿದ್ದ ಆಸನಕ್ಕೆ 2021ರಲ್ಲಿ ಮಲ್ಲಿಕಾರ್ಜುನ ಖರ್ಗೆಯವರು ಬಂದರು. ವಯಲೆಟ್ ಆಳ್ವ ಅವರ ಸೊಸೆ ಮಾರ್ಗರೆಟ್ ಆಳ್ವ ಅವರು 1974ರಿಂದ 1998ರವರೆಗೆ ಸತತ ನಾಲ್ಕು ಅವಧಿಗೆ ಇದೇ ಸದನದಲ್ಲಿದ್ದರು ಎಂಬುದನ್ನಾದರೂ ಒಂದು ವಾಕ್ಯದಲ್ಲಿ ಹೇಳಬಹುದಿತ್ತು. ಇವೆಲ್ಲ ಹೆಸರುಗಳೂ ಪಟ್ಟಿಯಲ್ಲಿವೆ, ಆದರೆ ಅವರು ಅಲ್ಲಿ ಏನು ಮಾಡಿದರು ಎಂಬ ವಿವರಣೆ ಸಿಗುವುದಿಲ್ಲ. ನನಗೆ ಇದು ನಿಜಕ್ಕೂ ನೋವು ತಂದಿತು.

ಬದಲಿಗೆ ಪುಸ್ತಕ ತನ್ನ ಪುಟಗಳನ್ನು ಧಾರಾಳವಾಗಿ ಕೊಟ್ಟಿರುವುದು ಹೊರಗಿನಿಂದ ಬಂದವರು ಎಂಬ ವಿವಾದಕ್ಕೆ. ವಿಷಯ ಮುಖ್ಯವಾದದ್ದೇ. ಅಭ್ಯರ್ಥಿ ತಾನು ಪ್ರತಿನಿಧಿಸುವ ರಾಜ್ಯದಲ್ಲಿಯೇ ಮತದಾರನಾಗಿರಬೇಕು ಎಂಬ ನಿಯಮವನ್ನು 2003ರ ತಿದ್ದುಪಡಿ ತೆಗೆದುಹಾಕಿತು. ಅದೇ ತಿದ್ದುಪಡಿ ಗುಪ್ತ ಮತದಾನದ ಬದಲು, ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕುವ ಮುಕ್ತ ಮತದಾನವನ್ನು ತಂದಿತು. ಎರಡನ್ನೂ ಸುಪ್ರೀಂ ಕೋರ್ಟ್ 2006ರ ಕುಲದೀಪ್ ನಯ್ಯರ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ಹೊರಗಿನವರ ಆಯ್ಕೆ 2003ರಲ್ಲಿ ಹಠಾತ್ತನೆ ಶುರುವಾದದ್ದಲ್ಲ. ಆಂಧ್ರದ ಎಂ. ವೆಂಕಯ್ಯ ನಾಯ್ಡು ಅವರು ಕರ್ನಾಟಕದಿಂದ ಮೊದಲ ಬಾರಿಗೆ ಆಯ್ಕೆಯಾದದ್ದು 1998ರಲ್ಲಿ, ಹಳೆಯ ನಿಯಮ ಜಾರಿಯಲ್ಲಿದ್ದಾಗಲೇ. 2004 ಮತ್ತು 2010ರಲ್ಲಿ ಮತ್ತೆ ಬಂದರು. ಆಮೇಲೆ 2016ರಲ್ಲಿ ನಿರ್ಮಲಾ ಸೀತಾರಾಮನ್ ಮತ್ತು ಜೈರಾಂ ರಮೇಶ್, 2024ರಲ್ಲಿ ಅಜಯ್ ಮಾಕನ್. ಹೊರಗಿನವರು ಬಂದರೆ ರಾಜ್ಯಕ್ಕೆ ಕೇಂದ್ರದಲ್ಲಿ ಪ್ರಭಾವಿ ಸಚಿವರು ಸಿಗುತ್ತಾರೆ ಎಂಬ ವಾದವನ್ನೂ ಪುಸ್ತಕ ಉಲ್ಲೇಖಿಸುತ್ತದೆ. ನಾನು ಆ ವಾದವನ್ನು ಒಪ್ಪುವುದಿಲ್ಲ. ನಾಲ್ಕೈದು ದಶಕ ಈ ನೆಲದ ನೀರು, ಗಡಿ, ಭಾಷೆಯ ಪ್ರಶ್ನೆಗಳೊಂದಿಗೆ ಬದುಕಿದವರನ್ನು ಬಿಟ್ಟು ಪಕ್ಷದ ಅನುಕೂಲಕ್ಕಾಗಿ ಬೇರೆಯವರನ್ನು ಕಳಿಸುವಾಗ, ರಾಜ್ಯಗಳ ಸದನ ಎಂಬ ಹೆಸರಿನ ಅರ್ಥವೇ ಸಡಿಲವಾಗುತ್ತದೆ. ಯು.ಆರ್. ಅನಂತಮೂರ್ತಿಯವರಂತಹ ಲೇಖಕರು 2006ರಲ್ಲಿ ಸ್ಪರ್ಧಿಸಿ ಸೋತದ್ದನ್ನು ಈ ಅಧ್ಯಾಯದ ಪಕ್ಕದಲ್ಲಿಟ್ಟು ಓದಬೇಕು.

ಸಂಗತಿಗಳ ತಪ್ಪುಗಳೂ ಇವೆ. ವೆಂಕಯ್ಯ ನಾಯ್ಡು ಅವರ 2016ರ ಅವಧಿಯನ್ನೂ ಕರ್ನಾಟಕದ ಲೆಕ್ಕಕ್ಕೆ ಹಾಕಿದ್ದಾರೆ. ಆಗ ಅವರು ಆಯ್ಕೆಯಾದದ್ದು ರಾಜಸ್ಥಾನದಿಂದ. ಎಚ್.ಡಿ. ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದಾಗಲೇ ರಾಜ್ಯಸಭಾ ಸದಸ್ಯರಾಗಿದ್ದರು ಎಂಬ ಅರ್ಥ ಬರುವ ವಾಕ್ಯವಿದೆ. ಅವರು ಸದನಕ್ಕೆ ಆಯ್ಕೆಯಾದದ್ದು ಸೆಪ್ಟೆಂಬರ್‌ನಲ್ಲಿ, ಸಂಸದರಲ್ಲದ ಪ್ರಧಾನಿ ಸಂಸತ್ತಿಗೆ ಆಯ್ಕೆಯಾಗಲು ಇರುವ ಆರು ತಿಂಗಳ ಗಡುವಿನೊಳಗೆ. ಎಲ್ಲಕ್ಕಿಂತ ಹೆಚ್ಚಾಗಿ, ರಾಷ್ಟ್ರಪತಿಗಳಿಂದ ನಾಮನಿರ್ದೇಶನಗೊಂಡ ಕನ್ನಡನಾಡಿನವರನ್ನು ರಾಜ್ಯದ ಪ್ರತಿನಿಧಿಗಳ ಸಾಲಿನಲ್ಲಿಯೇ ಸೇರಿಸಿರುವುದು ಗೊಂದಲ ಹುಟ್ಟಿಸುತ್ತದೆ. ಮೈಸೂರಿನ ಆರ್.ಕೆ. ನಾರಾಯಣ್, ರಾಜಾ ರಾಮಣ್ಣ, ಕಸ್ತೂರಿರಂಗನ್, ಬಿ. ಜಯಶ್ರೀ, ವೀರೇಂದ್ರ ಹೆಗ್ಗಡೆ, ಸುಧಾ ಮೂರ್ತಿ ಇವರೆಲ್ಲರ ಬಗ್ಗೆ ನಮಗೆ ಅಭಿಮಾನವಿದೆ. ಶಾಲಾ ಮಕ್ಕಳ ಬೆನ್ನಿನ ಮೇಲಿನ ಪುಸ್ತಕದ ಹೊರೆಯ ಬಗ್ಗೆ ನಾರಾಯಣ್ ಅವರು ಸದನದಲ್ಲಿ ಆಡಿದ ಮಾತನ್ನು ಶಿಕ್ಷಕನಾಗಿ ನಾನು ಮರೆಯಲಾರೆ. ಆದರೆ ಅವರನ್ನು ನಮ್ಮ ಶಾಸಕರು ಆರಿಸಲಿಲ್ಲ, 12ರ ಲೆಕ್ಕದಲ್ಲಿ ಅವರು ಬರುವುದಿಲ್ಲ. ಪ್ರತ್ಯೇಕ ಅನುಬಂಧವೊಂದನ್ನು ಮಾಡಿದ್ದರೆ ಸಾಕಿತ್ತು.

ಅಚ್ಚು ದೊಡ್ಡದಾಗಿದೆ, ಕಾಗದ ಚೆನ್ನಾಗಿದೆ, ಹೊಲಿಗೆ ಬೈಂಡಿಂಗ್ ಇರುವುದರಿಂದ ಹಾಳೆಗಳು ಬಿಡಿಸಿಕೊಂಡಿಲ್ಲ. ಕೊನೆಯಲ್ಲಿ ಹೆಸರುಗಳ ಅಕಾರಾದಿ ಇಲ್ಲದಿರುವುದು ದಿನನಿತ್ಯ ಬಳಸುವವರಿಗೆ ತೊಡಕು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇದೊಂದನ್ನೇ ನಂಬಿ ಕೂರಬಾರದು. ಸದಸ್ಯರ ಅವಧಿಗಳನ್ನು ರಾಜ್ಯಸಭಾ ಸಚಿವಾಲಯದ ಪಟ್ಟಿಯೊಂದಿಗೆ ತಾಳೆ ನೋಡಿಕೊಳ್ಳುವುದು ಕ್ಷೇಮ. ಶಿಕ್ಷಕರಿಗೆ, ಗ್ರಂಥಾಲಯಗಳಿಗೆ, ಏಕೀಕರಣದ ಚರಿತ್ರೆಯಲ್ಲಿ ಆಸಕ್ತಿಯಿರುವವರಿಗೆ ಮೊದಲ ಅಧ್ಯಾಯ ಮತ್ತು ಸ್ಥಾನವಾರು ಪಟ್ಟಿ ಎರಡಕ್ಕಾಗಿಯೇ ಕೊಳ್ಳಬಹುದು ಎಂದು ಹೇಳುತ್ತೇನೆ, ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಪಟ್ಟಿಯಲ್ಲಿ ಪ್ರತಿ ಸ್ಥಾನದ ಸಾಲಿನ ತುದಿಗೂ ಪ್ರಕಾಶಕರು ಎರಡಂಗುಲ ಖಾಲಿ ಜಾಗ ಬಿಟ್ಟಿದ್ದಾರೆ. ನನ್ನ ವಿದ್ಯಾರ್ಥಿಗಳು ಕೃಷ್ಣಮೂರ್ತಿ ರಾವ್ ಮತ್ತು ವಯಲೆಟ್ ಆಳ್ವ ಅವರ ಹೆಸರುಗಳ ಮುಂದೆ ಪೆನ್ಸಿಲ್‌ನಿಂದ ‘ಉಪಸಭಾಪತಿ’ ಎಂದು ಬರೆದು, ವರ್ಷಗಳನ್ನೂ ಸೇರಿಸಿದ್ದಾರೆ.