ಎರಡು ವರ್ಷದ ವೈಫೈ ಪ್ರಿಂಟರ್: ಒಂದು ಸ್ಟಾರ್‌ನಿಂದ ನಾಲ್ಕಕ್ಕೆ ಬಂದ ಕಥೆ

ಪ್ರಿಂಟರ್ ತಗೊಂಡು ಎರಡು ವರ್ಷ ದಾಟಿತು. ತಗೊಂಡ ವಾರವೇ ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು, ಜೊತೆಗೆ ನಾಲ್ಕು ಬೈಗುಳವನ್ನೂ ಸೇರಿಸುತ್ತಿದ್ದೆ. ಈಗ ನಾಲ್ಕು ಸ್ಟಾರ್. ಪ್ರಿಂಟರ್ ಅದೇ, ಮನೆ ಅದೇ. ರೂಟರ್‌ನ ಎರಡು ಮೂರು ಸೆಟ್ಟಿಂಗ್ ಮಾತ್ರ ಬೇರೆ. ಕಂಪನಿಯ ಹೆಸರು ಹೇಳುವುದಿಲ್ಲ. ಈ ದರದ ಇಂಕ್ ಟ್ಯಾಂಕ್ ಪ್ರಿಂಟರ್‌ಗಳ ಗೋಳು ಹೆಚ್ಚುಕಡಿಮೆ ಒಂದೇ.

ನನ್ನ ಬಳಕೆ ಹೀಗಿದೆ. ಮುಂಬೈನ ಮುಲುಂಡ್‌ನಲ್ಲಿ ಒಂದು ಬೆಡ್‌ರೂಮಿನ ಮನೆ. ನಾಲ್ಕು ಉಡುಪಿ ಹೋಟೆಲ್ ಮತ್ತು ಎರಡು ಕಿರಾಣಿ ಅಂಗಡಿಗಳ ಲೆಕ್ಕವನ್ನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ಹೋಟೆಲ್ ಯಜಮಾನರಿಗೆ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸಿದರೆ "ನೋಡಿದೆ, ನೋಡಿದೆ" ಅನ್ನುತ್ತಾರೆ. ನೋಡಿರುವುದಿಲ್ಲ. ಕಾಗದ ಕೈಗೆ ಕೊಟ್ಟಾಗ ಮಾತ್ರ ಕನ್ನಡಕ ಹುಡುಕುತ್ತಾರೆ. ಹಾಗಾಗಿ ತಿಂಗಳಿಗೆ ಇನ್ನೂರೈವತ್ತು ಪುಟವಾದರೂ ಬೇಕು. ಮೇಲೆ ಒಂಬತ್ತನೇ ಕ್ಲಾಸಿನ ಮಗಳ ಪ್ರಾಜೆಕ್ಟ್. ರಾತ್ರಿ ಹತ್ತು ಗಂಟೆಗೆ, ಕೆಳಗಿನ ಜೆರಾಕ್ಸ್ ಅಂಗಡಿ ಶಟರ್ ಎಳೆದ ಮೇಲೆಯೇ ಅವಳಿಗೆ ಅದು ನೆನಪಾಗುವುದು.

ತಗೊಂಡದ್ದು ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಇರುವ ಮಾದರಿ. ಹದಿನಾಲ್ಕು ಸಾವಿರ ಚಿಲ್ಲರೆ ಬಿತ್ತು. ಪರದೆ ಇಲ್ಲ, ನಾಲ್ಕೈದು ಬಟನ್ ಮತ್ತು ಮಿನುಗುವ ದೀಪಗಳು ಅಷ್ಟೇ. ಎರಡೂ ಬದಿ ತಾನಾಗಿ ಪ್ರಿಂಟ್ ಮಾಡುವುದಿಲ್ಲ, ಕಾಗದ ತಿರುಗಿಸಿ ಇಡಬೇಕು. ಹಾಲ್‌ನಲ್ಲಿ ಜಾಗವಿಲ್ಲ ಅಂತ ಬೆಡ್‌ರೂಮಿನ ಹೊಲಿಗೆ ಮೆಷಿನ್ ಮೇಲೆ ಕೂರಿಸಿದೆವು. "ದೀಪಾವಳಿ ಹೊತ್ತಿಗೆ ಮೆಷಿನ್ ನನಗೆ ಬೇಕು" ಅಂತ ಹೆಂಡತಿ ಅಂದಿದ್ದಳು. ಎರಡು ದೀಪಾವಳಿ ಹೋಯಿತು. ಯುಎಸ್‌ಬಿ ಕೇಬಲ್ ಹಾಕಿದ್ದರೆ ಈ ವಿಮರ್ಶೆಯೇ ಇರುತ್ತಿರಲಿಲ್ಲ. ಆದರೆ ಕಂಪ್ಯೂಟರ್ ಹಾಲ್‌ನಲ್ಲಿ, ಪ್ರಿಂಟರ್ ಒಳಗೆ. ನಡುವೆ ಕೇಬಲ್ ಎಳೆದರೆ ರಾತ್ರಿ ಯಾರಾದರೂ ಎಡವಿ ಬೀಳುವುದು ಗ್ಯಾರಂಟಿ.

ಇಂಕ್ ಹಾಕುವುದು ಸಲೀಸು. ಬಾಟಲಿಯ ಬಾಯಿ ಅದರದರ ಬಣ್ಣದ ಟ್ಯಾಂಕಿಗೆ ಮಾತ್ರ ಕೂರುತ್ತದೆ. ಮೊದಲ ಸಲ ಪೈಪುಗಳಲ್ಲಿ ಇಂಕ್ ತುಂಬಿಕೊಳ್ಳುವವರೆಗೆ ಗುರ್ ಗುರ್ ಅನ್ನುತ್ತಿರುತ್ತದೆ, ಆಗ ಬಂದ್ ಮಾಡಬೇಡಿ. ಇಲ್ಲಿಯವರೆಗೆ ಕೆಲಸ ಅರ್ಧ ಗಂಟೆಯದು. ನಂತರ ಶುರುವಾಯಿತು ವೈಫೈ.

ಪರದೆಯೇ ಇಲ್ಲದ ಪ್ರಿಂಟರ್‌ಗೆ ಪಾಸ್‌ವರ್ಡ್ ಹೇಳುವುದು ಹೇಗೆ? ಅದು ಮೊದಲು ತನ್ನದೇ ಒಂದು ಪುಟ್ಟ ವೈಫೈ ತೆರೆಯುತ್ತದೆ. ಫೋನು ಅದಕ್ಕೆ ಸೇರಿಕೊಂಡು, ಆ್ಯಪ್ ಮೂಲಕ ಮನೆಯ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಅದಕ್ಕೆ ದಾಟಿಸಬೇಕು. ಆದರೆ ಪ್ರಿಂಟರ್‌ನ ವೈಫೈಯಲ್ಲಿ ಇಂಟರ್‌ನೆಟ್ ಇರುವುದಿಲ್ಲ ಅಲ್ವಾ? ಫೋನು "ಇಲ್ಲಿ ನೆಟ್ ಇಲ್ಲ" ಅಂತ ಸುಮ್ನೆ ಸಿಮ್ ಡೇಟಾಗೆ ಜಿಗಿಯುತ್ತಿತ್ತು. ಆ್ಯಪ್ "ಪ್ರಿಂಟರ್ ಸಿಗಲಿಲ್ಲ" ಅನ್ನುತ್ತಿತ್ತು. ಹೀಗೆ ನಾಲ್ಕು ಸಲ. ಮೊಬೈಲ್ ಡೇಟಾ ಬಂದ್ ಮಾಡಿ, ಲೊಕೇಶನ್ ಆನ್ ಮಾಡಿ ಕೂತ ಮೇಲೆ ಸಿಕ್ಕಿತು. ಪ್ರಿಂಟರ್‌ಗೆ ಲೊಕೇಶನ್ ಯಾಕೆ ಬೇಕು ಅಂತ ನನಗೂ ಅನುಮಾನ ಬಂದಿತ್ತು. ಸುತ್ತಲಿನ ವೈಫೈ ಹುಡುಕಬೇಕಾದರೆ ಆಂಡ್ರಾಯ್ಡ್ ಆ ಅನುಮತಿ ಕೇಳುತ್ತದಂತೆ.

ಎರಡನೆಯ ತಪ್ಪು ಪೂರ್ತಿ ನನ್ನದು. ನಮ್ಮ ರೂಟರ್‌ನಲ್ಲಿ ಎರಡು ಹೆಸರು ಕಾಣುತ್ತವೆ, ಒಂದು ಬರೀ ಹೆಸರು, ಇನ್ನೊಂದರ ಕೊನೆಗೆ 5ಜಿ. ಆ್ಯಪ್‌ನ ಪಟ್ಟಿಯಲ್ಲಿ 5ಜಿ ಹೆಸರು ಇರಲಿಲ್ಲ. ಜಾಸ್ತಿ ಸ್ಪೀಡು ಬರಲಿ ಅಂತ ನಾನೇ ಕೈಯಾರೆ ಟೈಪ್ ಮಾಡಿದೆ. ಮೂರು ಗಂಟೆ ಕಳೆಯಿತು. ಕೊನೆಗೆ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಫೋನ್ ಹಾಕಿದೆ.

"ಮಾಮ, ಪೆಟ್ಟಿಗೆ ಮೇಲೆ ಎಷ್ಟು ಗಿಗಾಹರ್ಟ್ಸ್ ಅಂತ ಬರೆದಿದೆ ನೋಡಿ."

ನೋಡಿದೆ. 2.4 ಮಾತ್ರ.

"ಅದಕ್ಕೆ 5 ಕೇಳಿಸೋದೇ ಇಲ್ಲ ಮಾಮ. ನೀವು ಕಿವುಡನ ಹತ್ತಿರ ಪಿಸುಮಾತು ಆಡ್ತಿದ್ದೀರಿ."

ರೂಟರ್‌ನ 5 ಅಂದರೆ 5 ಗಿಗಾಹರ್ಟ್ಸ್ ಅನ್ನುವ ರೇಡಿಯೋ ಅಲೆ, ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಈ ದರದ ಹೆಚ್ಚಿನ ಪ್ರಿಂಟರ್‌ಗಳಿಗೆ 2.4 ಮಾತ್ರ ಹಿಡಿಯುತ್ತದೆ. ಗೋಡೆ ದಾಟಿ ದೂರ ಹೋಗುವುದೂ 2.4 ಚೆನ್ನಾಗಿಯೇ. ಒಂದು ಮಾತು ನೆನಪಿಡಿ: ಪ್ರಿಂಟರ್ 2.4ರಲ್ಲಿ, ಕಂಪ್ಯೂಟರ್ 5ರಲ್ಲಿ ಇದ್ದರೆ ತೊಂದರೆಯಿಲ್ಲ. ರೂಟರ್ ಒಂದೇ ಆದರೆ ಎರಡೂ ಮಾತಾಡಿಕೊಳ್ಳುತ್ತವೆ. 2.4, 5 ಎರಡಕ್ಕೂ ಒಂದೇ ವೈಫೈ ಹೆಸರಿದ್ದು ಪ್ರಿಂಟರ್ ಸೇರಲು ಹಟ ಮಾಡಿದರೆ ರೂಟರ್‌ನಲ್ಲಿ ಹೆಸರು ಬೇರೆ ಬೇರೆ ಮಾಡಿ ನೋಡಿ. ಗೆಸ್ಟ್ ವೈಫೈಗೆ ಮಾತ್ರ ಪ್ರಿಂಟರ್ ಸೇರಿಸಬೇಡಿ. ಅತಿಥಿಗಳ ಫೋನು ಮನೆಯ ಬೇರೆ ಯಂತ್ರಗಳನ್ನು ಮುಟ್ಟಬಾರದು ಅಂತಲೇ ಅದನ್ನು ಬೇರೆ ಇಟ್ಟಿರುತ್ತಾರೆ.

ರೂಟರ್ ಮೇಲೆ ಡಬ್ಲ್ಯೂಪಿಎಸ್ ಅನ್ನುವ ಬಟನ್ ಇದ್ದರೆ ಆ್ಯಪ್ ರಗಳೆಯೇ ಬೇಡ. ಅದನ್ನು ಒತ್ತಿ ಎರಡು ನಿಮಿಷದೊಳಗೆ ಪ್ರಿಂಟರ್‌ನ ವೈಫೈ ಬಟನ್ ಒತ್ತಿದರೆ ಆಯಿತು. ನಮ್ಮ ರೂಟರ್‌ನಲ್ಲಿ ಕೇಬಲ್‌ನವನು ಅದನ್ನು ಬಂದ್ ಮಾಡಿಟ್ಟಿದ್ದ.

ಅಂತೂ ಪ್ರಿಂಟ್ ಬಂತು. ಟೆಸ್ಟ್ ಪೇಜ್ ಹಿಡಿದು ಅಡುಗೆಮನೆಗೆ ಓಡಿದೆ. "ಒಂದು ಚಿತ್ರಕ್ಕೆ ಇಡೀ ಭಾನುವಾರ ಬೇಕಾಯ್ತಾ ನಿಮಗೆ?" ಅಂದಳು ಹೆಂಡತಿ.

ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ 20ನೇ ತಾರೀಕು. ತಿಂಗಳ ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್ 3ಬಿ ತುಂಬುವ ಕೊನೆಯ ದಿನ, ಯಜಮಾನರು ಸಹಿಗೆ ಕಾಯುತ್ತಿದ್ದಾರೆ. ಪ್ರಿಂಟ್ ಒತ್ತಿದರೆ "ಆಫ್‌ಲೈನ್". ಪ್ರಿಂಟರ್‌ನ ವೈಫೈ ದೀಪ ಹಾಯಾಗಿ ಉರಿಯುತ್ತಿದೆ. ಫೋನಿನಿಂದ ಕೊಟ್ಟರೆ ಪ್ರಿಂಟ್ ಬರುತ್ತದೆ. ಕಂಪ್ಯೂಟರ್ ಮಾತ್ರ "ಅವರು ಮನೆಯಲ್ಲಿಲ್ಲ" ಅನ್ನುತ್ತದೆ. ಹೆಲ್ಪ್‌ಲೈನ್‌ನವರು ಸಾಫ್ಟ್‌ವೇರ್ ಕಿತ್ತು ಮತ್ತೆ ಹಾಕಿ ಅಂದರು. ಹಾಕಿದೆ, ಸರಿಯಾಯಿತು. ಮೂರು ದಿನಕ್ಕೆ ಮತ್ತೆ ಆಫ್‌ಲೈನ್. ಮತ್ತೆ ಕಿತ್ತೆ, ಮತ್ತೆ ಹಾಕಿದೆ. ಒಂದು ತಿಂಗಳು ಇದೇ ಆಟ.

ನಿಜ ಏನು ಅಂದರೆ, ಪ್ರಿಂಟರ್ ಒಂದು ದಿನವೂ ಆಫ್‌ಲೈನ್ ಆಗಿರಲಿಲ್ಲ. ವೈಫೈಗೆ ಸೇರುವ ಪ್ರತಿ ಯಂತ್ರಕ್ಕೂ ರೂಟರ್ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಪರ್ಮನೆಂಟ್ ಅಲ್ಲ. ನಮ್ಮ ಮನೆಯಲ್ಲಿ ಮಲಗುವ ಮುಂಚೆ ಗ್ಯಾಸ್, ಗೀಸರ್, ರೂಟರ್, ಎಲ್ಲ ಬಂದ್ ಮಾಡುವ ಪದ್ಧತಿ. ಬೆಳಿಗ್ಗೆ ರೂಟರ್ ಎದ್ದು ಯಾರು ಮೊದಲು ಬಂದರೋ ಅವರಿಗೆ ನಂಬರ್ ಹಂಚುತ್ತಿತ್ತು. ನಿನ್ನೆ ಪ್ರಿಂಟರ್‌ಗೆ ಇದ್ದ 192.168.1.5 ಇವತ್ತು ಮಗಳ ಫೋನಿಗೆ. ಕಂಪ್ಯೂಟರ್ ಮಾತ್ರ ಹಳೆಯ ನಂಬರನ್ನೇ ಹಿಡಿದುಕೊಂಡಿತ್ತು. ಹೋಟೆಲಿನಲ್ಲಿ ಗಿರಾಕಿ ಐದನೇ ಟೇಬಲ್‌ನಲ್ಲಿ ಕೂತು ಆರ್ಡರ್ ಕೊಟ್ಟು, ಫ್ಯಾನ್ ಇಲ್ಲ ಅಂತ ಒಂಬತ್ತಕ್ಕೆ ಹೋಗಿ ಕೂತರೆ, ಮಾಣಿ ಮಸಾಲೆ ದೋಸೆ ಹಿಡಿದು ಐದರ ಮುಂದೆ ನಿಂತಿರುತ್ತಾನಲ್ಲ, ಹಾಗೆ. ಸಾಫ್ಟ್‌ವೇರ್ ಕಿತ್ತು ಹಾಕಿದಾಗಲೆಲ್ಲ ಅದು ಹೊಸ ಟೇಬಲ್ ಹುಡುಕಿಕೊಳ್ಳುತ್ತಿತ್ತು, ಅಷ್ಟೇ.

ಪರಿಹಾರ ಅಂದರೆ ಟೇಬಲ್ ಮೇಲೆ "ರಿಸರ್ವ್ಡ್" ಬೋರ್ಡ್ ಇಡುವುದು. ಬ್ರೌಸರ್‌ನಲ್ಲಿ ರೂಟರ್‌ನ ಪೇಜ್ ತೆಗೆಯಬೇಕು. ಅದರ ವಿಳಾಸ, ಲಾಗಿನ್ ಸಾಮಾನ್ಯವಾಗಿ ರೂಟರ್‌ನ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಅಲ್ಲಿ ಡಿಎಚ್‌ಸಿಪಿ, ಅಂದರೆ ಐಪಿ ಹಂಚುವ ವಿಭಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಅದರಲ್ಲಿ ಪ್ರಿಂಟರ್‌ನ ಮ್ಯಾಕ್ ನಂಬರ್ ಮತ್ತು ನಾವು ಆರಿಸಿದ ಐಪಿ ಬರೆದು ಸೇವ್ ಮಾಡಬೇಕು. ಮ್ಯಾಕ್ ಅಂದರೆ ಯಂತ್ರಕ್ಕೆ ಹುಟ್ಟಿನಿಂದ ಬಂದ ನಂಬರ್. ಪ್ರಿಂಟರ್‌ನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆ ತೆಗೆದರೆ ಅದರಲ್ಲಿ ಸಿಗುತ್ತದೆ. ಬಳಿಕ ವಿಂಡೋಸ್‌ನಲ್ಲಿ ಹಳೆಯ ಪ್ರಿಂಟರ್ ತೆಗೆದುಹಾಕಿ, ಹೊಸದಾಗಿ ಸೇರಿಸುವಾಗ ತಾನಾಗಿ ಹುಡುಕಲು ಬಿಡದೆ, ಟಿಸಿಪಿ ಐಪಿ ವಿಳಾಸದಿಂದ ಸೇರಿಸುವ ಆಯ್ಕೆ ಒತ್ತಿ ಅದೇ ನಂಬರ್ ಕೊಡಬೇಕು. ಇಪ್ಪತ್ತು ನಿಮಿಷದ ಕೆಲಸ. ಅಂದಿನಿಂದ ಆ ಕಾಯಿಲೆ ಬಂದಿಲ್ಲ. ಇದನ್ನು ಹೆಲ್ಪ್‌ಲೈನ್‌ನವರು ಒಂದು ಸಲವೂ ಹೇಳಲಿಲ್ಲ. ಕಡಿಮೆ ಮಾಡಿದ ಒಂದು ಸ್ಟಾರ್ ಅದಕ್ಕೇ.

ಕಿತ್ತು ಹಾಕುವ ಆಟದಲ್ಲಿ ಇನ್ನೊಂದು ಅವಾಂತರವಾಗಿತ್ತು. ಪಟ್ಟಿಯಲ್ಲಿ ಒಂದೇ ಪ್ರಿಂಟರ್ "ಕಾಪಿ 1", "ಕಾಪಿ 2" ಅಂತ ಮೂರು ಅವತಾರ ಎತ್ತಿತ್ತು. ಡೀಫಾಲ್ಟ್ ಆಗಿದ್ದದ್ದು ಸತ್ತುಹೋದ ಮೊದಲನೆಯದು. ಬೇಡದ್ದನ್ನೆಲ್ಲ ಅಳಿಸಿ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ನೋಡಿಕೊಳ್ಳಲಿ ಅನ್ನುವ ಟಿಕ್ ತೆಗೆದೆ. ಪ್ರಿಂಟ್ ಕೆಲಸ ಸಾಲಿನಲ್ಲಿ ಸಿಕ್ಕಿ ಕ್ಯಾನ್ಸಲ್ ಕೂಡ ಆಗದಿದ್ದರೆ ವಿಂಡೋಸ್‌ನ ಸರ್ವಿಸಸ್‌ಗೆ ಹೋಗಿ, ಆ ಸಾಲನ್ನು ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ರೀಸ್ಟಾರ್ಟ್ ಮಾಡಿ. ಹೆಚ್ಚಿನ ಸಲ ಅಷ್ಟೇ ಸಾಕು. ಪ್ರಿಂಟ್ ಬರುತ್ತದೆ, ಸ್ಕ್ಯಾನರ್ ಕಾಣುವುದಿಲ್ಲ ಅನ್ನುವವರು ವಿಂಡೋಸ್‌ನಲ್ಲಿ ಮನೆಯ ವೈಫೈ "ಪಬ್ಲಿಕ್" ಅಂತ ಇದೆಯಾ ನೋಡಿ. ನಾನು ಅದನ್ನು "ಪ್ರೈವೇಟ್" ಮಾಡಿದ ಕೂಡಲೇ ಸ್ಕ್ಯಾನರ್ ಪ್ರತ್ಯಕ್ಷವಾಯಿತು.

ಇನ್ನು ಮುಂಬೈ ಮಳೆ. ಜೂನ್ ಬಂತೆಂದರೆ ಪೇಪರ್ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಂದರ ಬದಲು ಮೂರು ಒಟ್ಟಿಗೆ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಮೊದಲ ಮಳೆಗಾಲದಲ್ಲಿ ಪ್ರಿಂಟರ್ ಕೆಟ್ಟಿತು ಅಂದುಕೊಂಡೆ. ಆಮೇಲೆ ಹೆಂಡತಿಯ ಚಕ್ಕುಲಿ ತುಂಬುವ ದೊಡ್ಡ ಸ್ಟೀಲ್ ಡಬ್ಬಿ ಕೇಳಿಕೊಂಡೆ. 500 ಹಾಳೆಯ ರಿಮ್ ಅದರಲ್ಲಿ. ಟ್ರೇನಲ್ಲಿ ಒಂದು ಸಲಕ್ಕೆ ಇಪ್ಪತ್ತು ಹಾಳೆ ಮಾತ್ರ, ಅದೂ ಬೀಸಿ ಬಿಡಿಸಿ ಇಡುತ್ತೇನೆ. ಎರಡನೇ ಮಳೆಗಾಲದಲ್ಲಿ ಸಿಕ್ಕಿಕೊಂಡದ್ದು ಎರಡೇ ಸಲ. ಚಕ್ಕುಲಿ ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೆತ್ತಗಾಗುತ್ತದೆ, ಆ ಮಾತು ಬೇರೆ.

ಇಂಕ್ ವಿಷಯದಲ್ಲಿ ದೂರಿಲ್ಲ. ಎರಡು ವರ್ಷದಲ್ಲಿ ಕಪ್ಪು ಬಾಟಲಿ ಒಂದು ಸಲ ಕೊಂಡೆ. ಬಣ್ಣದವು ಪೆಟ್ಟಿಗೆಯಲ್ಲಿ ಬಂದವೇ ನಡೆಯುತ್ತಿವೆ. ಆದರೆ ಊರಿಗೆ ಹೋಗಿ ಇಪ್ಪತ್ತೈದು ದಿನ ಬಿಟ್ಟು ಬಂದಾಗ ಕಾಗದದ ಮೇಲೆ ಇಂಕ್ ಚಿಮ್ಮಿಸುವ ಹೆಡ್‌ನಲ್ಲಿ ಅದು ಒಣಗಿ, ಅಕ್ಷರದ ನಡುವೆ ಬಿಳಿ ಗೆರೆ ಬಂತು. ಹೆಡ್ ಕ್ಲೀನಿಂಗ್ ಮೂರು ಸಲ ಮಾಡಬೇಕಾಯಿತು, ಅದಕ್ಕೂ ಇಂಕೇ ಖರ್ಚು. ಈಗ ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತೇನೆ. ಪ್ರಿಂಟರ್ ಅನ್ನು ಗೋಡೆಯ ಸ್ವಿಚ್‌ನಿಂದ ನೇರ ಬಂದ್ ಮಾಡುವುದನ್ನೂ ಬಿಡಿಸಿದೆ. ಅದರದೇ ಬಟನ್ ಒತ್ತಿದರೆ ಹೆಡ್ ತನ್ನ ಮುಚ್ಚಳದಡಿ ಹೋಗಿ ಕೂರುತ್ತದೆ, ಬೇಗ ಒಣಗುವುದಿಲ್ಲ.

ಕನ್ನಡದವರಿಗೆ ಒಂದು ಮಾತು. ನಮ್ಮ ಕನ್ನಡ ಸಂಘದ ಗಣೇಶೋತ್ಸವದ ಆಮಂತ್ರಣ ಪ್ರಿಂಟ್ ಮಾಡಲು ಒಬ್ಬರು ಫೈಲ್ ಕಳಿಸಿದರು. ನನ್ನ ಕಂಪ್ಯೂಟರ್‌ನಲ್ಲಿ ತೆಗೆದರೆ "ಶ್ರೀ ಗಣೇಶಾಯ ನಮಃ" ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನಾನು ಪ್ರಿಂಟರ್‌ಗೆ ಬೈದೆ. ಅದರ ತಪ್ಪಿರಲಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು, ಆ ಫಾಂಟ್ ನನ್ನಲ್ಲಿಲ್ಲ. ಟೈಪ್ ಮಾಡಿದ ಕಂಪ್ಯೂಟರ್‌ನಲ್ಲೇ ಪಿಡಿಎಫ್ ಮಾಡಿ ಕಳಿಸಲು ಹೇಳಿದೆ. ಫಾಂಟ್ ಅದರೊಳಗೇ ಕೂತು ಬಂತು, ಒತ್ತಕ್ಷರ ಒಂದೂ ಜಾರಲಿಲ್ಲ. ಹೊಸದಾಗಿ ಟೈಪ್ ಮಾಡುವವರಿಗೆ ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಫಾಂಟ್ ಧಾರಾಳ ಸಾಕು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತಲ್ಲ, ಆಗ ನಾನೂ 11 ಇರುವ ಹೊಸ ಕಂಪ್ಯೂಟರ್ ತಗೊಂಡೆ. ಮತ್ತೆ ಭಾನುವಾರ ಹಾಳು ಅಂದುಕೊಂಡು ಅಳಿಯನಿಗೆ ಮೊದಲೇ ಹೇಳಿಟ್ಟಿದ್ದೆ. ಐಪಿ ನಂಬರ್ ಪ್ರಿಂಟರ್ ಮೇಲೆಯೇ ಚೀಟಿ ಬರೆದು ಅಂಟಿಸಿದ್ದೆ. ನಂಬರ್ ಹಾಕಿದೆ, ಪ್ರಿಂಟ್ ಬಂತು. ಆರು ನಿಮಿಷ. ಅವನ ಫೋನ್ ಬರುವ ಹೊತ್ತಿಗೆ ನಾನು ಚಹಾ ಕುಡಿಯುತ್ತಿದ್ದೆ.

ಯಾರಿಗೆ ಬೇಡ ಅನ್ನುವುದೂ ಹೇಳಬೇಕು. ತಿಂಗಳಿಗೆ ಹತ್ತು ಪುಟ ತೆಗೆಯುವವರಿಗೆ ಬೇಡವೇ ಬೇಡ. ಇಂಕ್ ಒಣಗಿಸಿ ಕೂರುವ ಬದಲು ಕೆಳಗಿನ ಜೆರಾಕ್ಸ್ ಅಂಗಡಿಯೇ ಒಳ್ಳೆಯದು. ಕಪ್ಪು ಬಿಳುಪು ಮಾತ್ರ ಬೇಕು, ಅದೂ ಅಪರೂಪಕ್ಕೆ ಅನ್ನುವವರು ಲೇಸರ್ ನೋಡಿ, ಟೋನರ್ ಪುಡಿ ಒಣಗುವ ಪ್ರಶ್ನೆಯೇ ಇಲ್ಲ. ನನ್ನ ಹಾಗೆ ದಿನಾ ಹತ್ತು ಹಾಳೆ, ಜೊತೆಗೆ ಶಾಲೆಗೆ ಹೋಗುವ ಮಗು ಇದ್ದರೆ ಧೈರ್ಯವಾಗಿ ತಗೊಳ್ಳಿ. ಕೇಬಲ್‌ನವನ ಹತ್ತಿರ ರೂಟರ್‌ನ ಲಾಗಿನ್ ಮೊದಲೇ ಕೇಳಿಟ್ಟುಕೊಳ್ಳಿ. ನಮ್ಮವನು ಅದನ್ನು ಕೊಡಲು ಹನ್ನೊಂದು ದಿನ ಸತಾಯಿಸಿದ.